ಶಾಲೆಗೆ ಬೀಗ, ಕೈಗೆ ಚೀಟಿ

ಆರ್‌ಟಿಇ ಸೀಟಿನ ವಿಷಯ ನಿಮಗೆ ಗೊತ್ತೇ ಇದೆ. ಮಗು ಖಾಸಗಿ ಶಾಲೆಗೆ ಹೋಗುತ್ತದೆ, ಅದರ ಲೆಕ್ಕಕ್ಕೆ ಸರ್ಕಾರ ಆ ಶಾಲೆಗೆ ದುಡ್ಡು ಕೊಡುತ್ತದೆ. ಇದನ್ನೇ ಎಲ್ಲ ಮಕ್ಕಳಿಗೂ ಹಬ್ಬಿಸಬೇಕು ಎನ್ನುವವರು ಹೇಳುವುದು ಸ್ಕೂಲ್ ವೋಚರ್. ಸರ್ಕಾರ ಮಗುವಿನ ಹೆಸರಲ್ಲಿ ಒಂದು ಚೀಟಿ ಕೊಡಲಿ, ಅಪ್ಪ ಅಮ್ಮ ಅದನ್ನು ಹಿಡಿದು ಬೇಕಾದ ಶಾಲೆಗೆ ಹೋಗಲಿ ಎಂಬುದು ವಾದ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಹೀಗೆಂದು ಪ್ರಬಂಧ ಬರೆದರು. ಕೇಳಲು ಚೆನ್ನಾಗಿಯೇ ಇದೆ. ಆದರೆ ಅದೇ ದೇಶದ ಒಂದು ಹಳ್ಳಿಗಾಡಿನಲ್ಲಿ ಇಂಥ ಚೀಟಿ ಯಾವ ಕೆಲಸಕ್ಕೆ ಬಂತು ಎಂದು ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಆ ಜಾಗ ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿ. ಕೌಂಟಿ ಎಂದರೆ ಹೆಚ್ಚುಕಮ್ಮಿ ನಮ್ಮ ತಾಲ್ಲೂಕು, ಜಿಲ್ಲೆಯ ಹಾಗೆ. ಹೊಗೆಸೊಪ್ಪು ಬೆಳೆಯುವ ಸೀಮೆ. ಹುಣಸೂರು, ಪಿರಿಯಾಪಟ್ಟಣದ ರೈತರು ಬೆಳೆಯುವ ವರ್ಜೀನಿಯಾ ಸೊಪ್ಪಿಗೆ ಹೆಸರು ಬಂದದ್ದು ಆ ರಾಜ್ಯದಿಂದಲೇ.

ಅಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ಜನರ ಮಕ್ಕಳಿಗೆ ಬೇರೆ ಶಾಲೆ. ಕಪ್ಪು ಮಕ್ಕಳ ಮೋಟನ್ ಹೈಸ್ಕೂಲನ್ನು 1939ರಲ್ಲಿ 180 ಮಕ್ಕಳಿಗೆಂದು ಕಟ್ಟಿದ್ದರು. 1951ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳಿದ್ದರು. ಹೊಸ ಕಟ್ಟಡ ಕೇಳಿದರೆ ಸಿಕ್ಕಿದ್ದು ಡಾಂಬರು ಕಾಗದ ಹೊದಿಸಿದ ಶೆಡ್ಡುಗಳು. ಮಳೆ ಬಂದರೆ ಸೋರುತ್ತಿದ್ದವು, ಚಳಿಗಾಲದಲ್ಲಿ ಮಕ್ಕಳು ಕೋಟು ಹಾಕಿಕೊಂಡೇ ಪಾಠ ಕೇಳಬೇಕಿತ್ತು. ಜನ ಅವನ್ನು ಕೋಳಿಗೂಡು ಎನ್ನುತ್ತಿದ್ದರು.

1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಹುಡುಗಿ ಒಂದು ಉಪಾಯ ಮಾಡಿದಳು. ಸುಳ್ಳು ಫೋನು ಮಾಡಿಸಿ ಹೆಡ್‌ಮಾಸ್ಟರನ್ನು ಪೇಟೆಗೆ ಕಳಿಸಿ, ಮಕ್ಕಳನ್ನೆಲ್ಲ ಸಭೆಗೆ ಕರೆದಳು. ಇಡೀ ಶಾಲೆ ತರಗತಿ ಬಿಟ್ಟು ಹೊರಬಂತು. ವಕೀಲರು ಬಂದು, ಹೊಸ ಕಟ್ಟಡ ಕೇಳುವುದಾದರೆ ನಾವಿಲ್ಲ, ಬೇರೆ ಬೇರೆ ಶಾಲೆ ಇರುವುದೇ ತಪ್ಪು ಎನ್ನುವುದಾದರೆ ಕೇಸು ಹಾಕುತ್ತೇವೆ ಎಂದರು. ಮನೆಮಂದಿ ಒಪ್ಪಿದರು. ಬಾರ್ಬರಾಳನ್ನು ಮಾತ್ರ, ಜೀವಕ್ಕೆ ಅಪಾಯವಾದೀತೆಂದು, ಅಲಬಾಮಾದ ಬಂಧುಗಳ ಮನೆಗೆ ಕಳಿಸಬೇಕಾಯಿತು.

ಈ ಕೇಸೂ ಸೇರಿದಂತೆ ಐದು ಕೇಸುಗಳ ಮೇಲೆ 1954ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಬಣ್ಣ ನೋಡಿ ಸರ್ಕಾರಿ ಶಾಲೆಗಳನ್ನು ಬೇರೆ ಮಾಡುವಂತಿಲ್ಲ. ವರ್ಜೀನಿಯಾದ ನಾಯಕರು ವರ್ಷಗಟ್ಟಲೆ ಎಳೆದಾಡಿದರು. ಕೊನೆಗೆ 1959ರ ಸೆಪ್ಟೆಂಬರಿನಿಂದ ಮಕ್ಕಳನ್ನು ಒಟ್ಟಿಗೆ ಕೂರಿಸಲೇಬೇಕು ಎಂದು ಕೋರ್ಟು ಹೇಳಿದಾಗ ಕೌಂಟಿಯ ಆಡಳಿತ ಮಂಡಳಿ ಹುಡುಕಿದ ದಾರಿ ನೋಡಿ: ಶಾಲೆಗಳಿಗೆ ದುಡ್ಡೇ ಕೊಡಲಿಲ್ಲ. ಸರ್ಕಾರಿ ಶಾಲೆಯೇ ಇಲ್ಲವೆಂದ ಮೇಲೆ ಒಟ್ಟಿಗೆ ಕೂರಿಸುವುದು ಎಲ್ಲಿ? ಕೌಂಟಿಯ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ ಬಿತ್ತು.

ಬಿಳಿಯರು ಕೂಡಲೇ ಖಾಸಗಿ ಶಾಲೆ ತೆರೆದರು. ಮೊದಲ ವರ್ಷ ದೇಣಿಗೆಯಲ್ಲಿ ನಡೆಯಿತು. ಎರಡನೇ ವರ್ಷದಿಂದ ಚೀಟಿಯ ದುಡ್ಡು: ಪ್ರೈಮರಿ ಮಗುವಿಗೆ ರಾಜ್ಯದಿಂದ 125 ಡಾಲರ್, ಹೈಸ್ಕೂಲಿಗೆ 150, ಅದರ ಮೇಲೆ ಕೌಂಟಿಯಿಂದ 100. ಖಾಸಗಿ ಶಾಲೆಗೆ ದೇಣಿಗೆ ಕೊಟ್ಟವರಿಗೆ ಆಸ್ತಿ ತೆರಿಗೆಯಲ್ಲೂ ಕಡಿತ. ಕಾಗದದ ಮೇಲೆ ಎಲ್ಲೂ ಬಣ್ಣದ ಮಾತಿರಲಿಲ್ಲ. ಆದರೆ ಆ ಕೌಂಟಿಯಲ್ಲಿ ಇದ್ದ ಖಾಸಗಿ ಶಾಲೆ ಬಿಳಿಯರದ್ದು ಮಾತ್ರ, ಅದರ ಬಾಗಿಲು ಕಪ್ಪು ಮಗುವಿಗೆ ತೆರೆಯುತ್ತಿರಲಿಲ್ಲ.

ಸುಮಾರು 1,700 ಕಪ್ಪು ಮಕ್ಕಳು ಮನೆಯಲ್ಲುಳಿದರು. ಶುಲ್ಕ ಕಟ್ಟಲಾಗದ ಕೆಲವು ಬಡ ಬಿಳಿಯರ ಮಕ್ಕಳೂ ಉಳಿದರು. ಕೆಲವರನ್ನು ಪಕ್ಕದ ಕೌಂಟಿಯ ನೆಂಟರ ಮನೆಗೆ ಕಳಿಸಿದರು, ಕೆಲವರು ದೂರದ ರಾಜ್ಯಗಳಲ್ಲಿ ಗುರುತಿಲ್ಲದವರ ಮನೆಯಲ್ಲಿದ್ದು ಓದಿದರು. ಚರ್ಚುಗಳಲ್ಲಿ ಒಂದಿಷ್ಟು ಅಕ್ಷರ ಕಲಿಸುವ ಕೇಂದ್ರಗಳು ನಡೆದವು. ಉಳಿದವರು ಹೊಲಕ್ಕೆ ಹೋದರು.

ಕಪ್ಪು ಮಕ್ಕಳಿಗೂ ಖಾಸಗಿ ಶಾಲೆ ಮಾಡಿಕೊಡುತ್ತೇವೆ ಎಂಬ ಮಾತೂ ನಡುವೆ ಬಂತು. ಅವರು ಒಲ್ಲೆವೆಂದರು. ಮಕ್ಕಳ ಓದು ಹಾಳಾಗುತ್ತಿರುವಾಗ ಇದೆಂಥ ಹಟ ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ಒಪ್ಪಿದ್ದರೆ ಬೇರೆ ಬೇರೆ ಶಾಲೆಯನ್ನು ತಾವೇ ಒಪ್ಪಿದಂತಾಗುತ್ತಿತ್ತು, ಕೋರ್ಟಿನಲ್ಲಿ ಗೆದ್ದದ್ದು ಕೈಬಿಡುತ್ತಿತ್ತು. ಆದರೂ ಆ ಅಪ್ಪ ಅಮ್ಮಂದಿರ ಜಾಗದಲ್ಲಿ ನಾವಿದ್ದಿದ್ದರೆ ಏನು ಮಾಡುತ್ತಿದ್ದೆವೋ, ಎದೆ ತಟ್ಟಿ ಹೇಳಲಾರೆವು.

ಐದು ವರ್ಷ ಹೀಗೇ ಹೋಯಿತು. ಕೊನೆಯ ವರ್ಷ ಮಾತ್ರ ದೇಣಿಗೆಯ ದುಡ್ಡಲ್ಲಿ ಒಂದು ಉಚಿತ ಶಾಲೆ ನಡೆಯಿತು. 1964ರ ಮೇ 25ರಂದು ಸುಪ್ರೀಂ ಕೋರ್ಟು, ಸರ್ಕಾರಿ ಶಾಲೆ ಮುಚ್ಚಿಟ್ಟು ಖಾಸಗಿ ಶಾಲೆಗೆ ದುಡ್ಡು ಕೊಡುವಂತಿಲ್ಲ ಎಂದಿತು. ಸೆಪ್ಟೆಂಬರಿನಲ್ಲಿ ಬೀಗ ತೆಗೆದರು. ಒಳಗೆ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಪ್ಪು ಮಕ್ಕಳೇ.

ಫ್ರೀಡ್‌ಮನ್ ಇದನ್ನು ಬಯಸಿದ್ದರು ಎಂದರೆ ಅನ್ಯಾಯವಾದೀತು. ದಕ್ಷಿಣದ ರಾಜ್ಯಗಳ ಲೆಕ್ಕಾಚಾರ ಅವರಿಗೆ ಗೊತ್ತಾಗಿತ್ತು, ಪ್ರಬಂಧದ ಅಡಿಟಿಪ್ಪಣಿಯಲ್ಲೇ ಬರೆದಿದ್ದರು. ಚೀಟಿ ಇದ್ದರೆ ಎಲ್ಲರೂ ಕೂಡಿ ಓದುವ ಶಾಲೆಗಳೂ ಬೆಳೆಯಬಹುದೆಂದು ನಂಬಿದ್ದರು. 1990ರಲ್ಲಿ ಮಿಲ್ವಾಕಿ ನಗರದಲ್ಲಿ ಬಡ ಮಕ್ಕಳಿಗೆ ವೋಚರ್ ಬಂದಾಗ ಅದಕ್ಕಾಗಿ ಹೋರಾಡಿದ್ದು ಪಾಲಿ ವಿಲಿಯಮ್ಸ್ ಎಂಬ ಕಪ್ಪು ಶಾಸಕಿಯೇ. ಆದರೆ ಅಲ್ಲಿ ಸರ್ಕಾರಿ ಶಾಲೆಯ ಬಾಗಿಲು ತೆರೆದೇ ಇತ್ತು. ನಮಗೆ ದೊಡ್ಡದಾಗಿ ಕಾಣುವ ವ್ಯತ್ಯಾಸ ಅದು.

ಇತ್ತ ಪ್ರಿನ್ಸ್ ಎಡ್ವರ್ಡ್‌ನಲ್ಲಿ ಮೋಟನ್ ಶಾಲೆ ಈಗ ಮ್ಯೂಸಿಯಂ. ಶಾಲೆ ಮುಚ್ಚಿದ್ದರಿಂದ ಓದು ತಪ್ಪಿದವರಿಗೆಂದು ವರ್ಜೀನಿಯಾ ಸರ್ಕಾರ 2004ರಲ್ಲಿ ವಿದ್ಯಾರ್ಥಿವೇತನ ಶುರುಮಾಡಿತು. 1959ರಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಿದ್ದ ಮಗುವಿಗೆ ಆಗ ಐವತ್ತು ದಾಟಿತ್ತು.