ಅರ್ಧ ಎದ್ದ ಚೌಕಟ್ಟಿನ ಕೆಳಗೆ

ವಿಜಯನಗರ ಜಿಲ್ಲೆಯಿಂದ ಹೊಸಪೇಟೆಯನ್ನು ತೆಗೆದರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ. ಶೇಂಗಾ, ಮೆಕ್ಕೆಜೋಳ, ಈರುಳ್ಳಿಯ ಈ ಸೀಮೆಯನ್ನು ಉಕ್ಕಿನ ನಾಡೆಂದು ಯಾರೂ ಕರೆದಿಲ್ಲ; ಆ ಹೆಸರೇನಿದ್ದರೂ ಸಂಡೂರು, ತೋರಣಗಲ್ಲಿನ ಪಾಲು. ಆದರೂ ಇತ್ತೀಚಿನ ದಶಕಗಳಲ್ಲಿ ಇಲ್ಲಿ ಎತ್ತರಕ್ಕೆ ಎದ್ದಿರುವುದರಲ್ಲಿ ಹೆಚ್ಚಿನದು ಉಕ್ಕೇ. ಗುಡ್ಡದ ಮೇಲಿನ ಗಾಳಿಯಂತ್ರ, ಅದರ ಕರೆಂಟು ಹೊತ್ತೊಯ್ಯುವ ಹೈಟೆನ್ಷನ್ ಟವರು, ಮೊಬೈಲ್ ಟವರು, ಗೋದಾಮು, ಪೆಟ್ರೋಲ್ ಬಂಕಿನ ಚಾವಣಿ, ಶಾಲೆಯ ಅಂಗಳಕ್ಕೆ ಹೊದಿಸಿದ ಶೀಟು. ಇವನ್ನೆಲ್ಲ ನಿಲ್ಲಿಸುವುದನ್ನು ಕೆಲಸಗಾರರು ಇರೆಕ್ಷನ್ ಎನ್ನುತ್ತಾರೆ. ಈ ಕಸುಬಿನ ಸುರಕ್ಷತೆಯ ಮಾತು ಬಂದಾಗಲೆಲ್ಲ ಚರ್ಚೆ ಹೆಲ್ಮೆಟ್ಟು, ಬೆಲ್ಟುಗಳ ಸುತ್ತ ಸುತ್ತಿ ಅಲ್ಲೇ ನಿಲ್ಲುತ್ತದೆ. ಕಸುಬಿನ ಚರಿತ್ರೆ ತೋರಿಸುವುದು ಬೇರೆ. ಇದರ ದೊಡ್ಡ ಅವಘಡಗಳು ಆಗಿರುವುದು ಚೌಕಟ್ಟು ಅರ್ಧ ಎದ್ದಿರುವ ಹೊತ್ತಿನಲ್ಲಿ, ಒಬ್ಬರ ಹೊಣೆ ಮುಗಿದು ಇನ್ನೊಬ್ಬರದು ಇನ್ನೂ ಶುರುವಾಗದ ಸಂದಿನಲ್ಲಿ. ಆ ಸಂದನ್ನು ಕಾಯಬೇಕಾದವನು ಗ್ಯಾಂಗಿನ ಮೇಸ್ತ್ರಿ. ನಮ್ಮ ಕಾನೂನು, ಟೆಂಡರು, ತರಬೇತಿ ಮೂರೂ ಅವನನ್ನು ಬಿಟ್ಟು ಮುಂದೆ ಹೋಗಿವೆ.

ಈ ಭಾಗಕ್ಕೆ ಭಾರೀ ಉಕ್ಕಿನ ಕೆಲಸವನ್ನು ಪರಿಚಯಿಸಿದ್ದು ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಅಡಿಗಲ್ಲು ಬಿದ್ದು 1953ರ ಹೊತ್ತಿಗೆ ನೀರು ನಿಂತ ಆ ಅಣೆಕಟ್ಟು ಕಲ್ಲುಗಾರೆಯದೇ ಆದರೂ ಅದರ ತಲೆಯ ಮೇಲೆ 33 ಉಕ್ಕಿನ ಕ್ರೆಸ್ಟ್ ಗೇಟುಗಳಿವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಗೇಟುಗಳಿಗಾಗಿ ಹುಟ್ಟಿದ ವರ್ಕ್‌ಶಾಪೇ ಬೆಳೆದು 1960ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಂಪನಿಯಾಯಿತು, ಮುಂದೆ ಕೇಂದ್ರ ಸರ್ಕಾರದ ಉದ್ಯಮವೂ ಆಗಿ ದೇಶದ ಹಲವು ಅಣೆಕಟ್ಟುಗಳಿಗೆ ಗೇಟು, ಹಾಯ್ಸ್ಟು ಮಾಡಿಕೊಟ್ಟಿತು. ಇಂಥ ಕಾರ್ಖಾನೆಯ ದೊಡ್ಡ ಲಾಭ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದಿಲ್ಲ. ಹೊರೆ ಕಟ್ಟಿ ಎತ್ತುವ ಸ್ಲಿಂಗ್ ಯಾವ ಕೋನದಲ್ಲಿ ಹಾಕಬೇಕು, ಹೊರೆ ನೆಲ ಬಿಡುವಾಗ ಎಲ್ಲಿ ನಿಲ್ಲಬಾರದು ಎಂಬುದು ಅಲ್ಲಿ ಹಿರಿಯ ಖಲಾಸಿಯಿಂದ ಕಿರಿಯನಿಗೆ ಸಂಬಳದ ವೇಳೆಯಲ್ಲೇ ದಾಟುತ್ತದೆ. ನಷ್ಟದಲ್ಲಿದ್ದ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2015ರ ಡಿಸೆಂಬರಿನಲ್ಲಿ ಒಪ್ಪಿತು. ಲೆಕ್ಕದ ದೃಷ್ಟಿಯಿಂದ ಅದು ತಪ್ಪೆನ್ನಲಾಗದು. ಆದರೆ ಕಲಿಕೆಯ ಆ ಸಾಲು ಕಡಿದದ್ದಕ್ಕೆ ಬದಲಿ ಏನೆಂದು ಯಾರೂ ಕೇಳಿದಂತಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ ಆ ಪ್ರಶ್ನೆ ತಾನಾಗಿ ಎದುರು ಬಂತು. ಜಲಾಶಯ ತುಂಬಿತ್ತು. ಗೇಟಿನ ಮುಂದೆ ತಾತ್ಕಾಲಿಕವಾಗಿ ಇಳಿಬಿಡಬಹುದಾದ ಸ್ಟಾಪ್‌ಲಾಗ್ ಹಲಗೆಗಳು ಈ ಅಣೆಕಟ್ಟಿಗೆ ಇರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಲಾ ನಾಲ್ಕು ಅಡಿ ಎತ್ತರದ ಐದು ಉಕ್ಕಿನ ಭಾಗಗಳನ್ನು ಸ್ಥಳೀಯ ಕಾರ್ಖಾನೆಗಳಲ್ಲೂ ತೋರಣಗಲ್ಲಿನಲ್ಲೂ ತಯಾರಿಸಿ, ನೀರು ಹರಿಯುತ್ತಿರುವಾಗಲೇ ಒಂದರ ಮೇಲೊಂದು ಇಳಿಸಲಾಯಿತು. ಒಂದು ವಾರದಲ್ಲಿ ಕಿಂಡಿ ಮುಚ್ಚಿತು. ಪತ್ರಿಕೆಗಳು ಇದನ್ನು ಸಾಹಸವೆಂದು ಹೊಗಳಿದವು, ಹೊಗಳಿದ್ದು ಸರಿಯೇ. ಇರೆಕ್ಷನ್ ಕಸುಬಿನ ಕಣ್ಣಿನಿಂದ ನೋಡಿದರೆ ಅಲ್ಲಿ ಗಮನಿಸಬೇಕಾದ್ದು ಬೇರೊಂದಿದೆ: ಕ್ರೇನಿನ ಕೊಂಡಿಯಿಂದ ಹಿಡಿದು ಹಲಗೆ ಕೂರುವ ತೋಡಿನವರೆಗೆ ಕೆಲಸಕ್ಕೊಂದು ಕ್ರಮವಿತ್ತು, ಮತ್ತು ಆ ಕ್ರಮ ತಿಳಿದವರು ಕೆಲಸದ ಜಾಗದಲ್ಲೇ ನಿಂತಿದ್ದರು. ಸಾಮಾನ್ಯ ದಿನಗಳಲ್ಲಿ, ಸಾಮಾನ್ಯ ಶೆಡ್ಡಿನ ಕೆಲಸದಲ್ಲಿ ಈ ಎರಡೂ ಇರುವುದಿಲ್ಲ.

ಜಗತ್ತಿನಲ್ಲಿ ಈ ಕಸುಬಿನ ನಿಯಮಗಳು ಬೆಳೆದ ಬಗೆಯೂ ಇದನ್ನೇ ಹೇಳುತ್ತದೆ. 1907ರ ಆಗಸ್ಟ್ 29ರಂದು ಕೆನಡಾದ ಕ್ವಿಬೆಕ್ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು 75 ಜನ ಸತ್ತರು. ಕೆಳಗಿನ ತೊಲೆಗಳು ಬಾಗುತ್ತಿರುವುದನ್ನು ಸ್ಥಳದ ಎಂಜಿನಿಯರುಗಳು ನೋಡಿದ್ದರು. ಸುದ್ದಿ ನ್ಯೂಯಾರ್ಕಿನಲ್ಲಿದ್ದ ಸಲಹಾ ಎಂಜಿನಿಯರ್ ಥಿಯೊಡೋರ್ ಕೂಪರ್‌ಗೆ ಮುಟ್ಟಿತು, ಅವನು ತಂತಿಯನ್ನೂ ಕಳಿಸಿದ. ಆ ತಂತಿ ಹೋದದ್ದು ಉಕ್ಕು ತಯಾರಿಸುವ ಕಂಪನಿಯ ಊರಿಗೆ, ಸೇತುವೆಯ ಮೇಲೆ ಜನ ನಿಂತಿದ್ದ ಜಾಗಕ್ಕಲ್ಲ. 1930ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯಡಿ ಬಲೆ ಕಟ್ಟಿದ್ದರಿಂದ 19 ಮಂದಿ ಬದುಕಿದರು. ಆದರೆ 1937ರ ಫೆಬ್ರವರಿಯಲ್ಲಿ ತಾತ್ಕಾಲಿಕ ಅಟ್ಟಣಿಗೆಯೇ ಕಳಚಿ ಬಿದ್ದಾಗ ಬಲೆ ಹರಿದು 10 ಮಂದಿ ಹೋದರು. ಬೀಳುವ ಮನುಷ್ಯನನ್ನು ಹಿಡಿಯುವ ಬಲೆಗೆ ಬೀಳುವ ಉಕ್ಕನ್ನು ತಡೆಯಲು ಆಗಲಿಲ್ಲ. ಬೆಂಗಳೂರಿನಲ್ಲಿ 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಸರಳಿನ ಪಂಜರ ರಸ್ತೆಗೆ ಒರಗಿ ತಾಯಿ ಮತ್ತು ಮಗು ಸತ್ತದ್ದೂ ಇದೇ ಜಾತಿಯ ಘಟನೆ. ಕಾಂಕ್ರೀಟು ತುಂಬಿದ ಮೇಲೆ ಯಾವ ಗಾಳಿಗೂ ಜಗ್ಗದ ಕಂಬ ಅದಕ್ಕೆ ಮುಂಚಿನ ದಿನಗಳಲ್ಲಿ ತನ್ನನ್ನು ಹಿಡಿದ ತಾತ್ಕಾಲಿಕ ಆಸರೆಯಷ್ಟೇ ಗಟ್ಟಿ.

ಅಮೆರಿಕ ಈ ಪಾಠವನ್ನು ನಿಯಮಕ್ಕೆ ಇಳಿಸಿದ ರೀತಿ ಗಮನಿಸತಕ್ಕದ್ದು. ಕಾರ್ಮಿಕ ಸಂಘ, ಗುತ್ತಿಗೆದಾರ, ಸರ್ಕಾರ ಒಂದೇ ಮೇಜಿನಲ್ಲಿ ವರ್ಷಗಟ್ಟಲೆ ಕೂತು ರೂಪಿಸಿದ ಉಕ್ಕು ಇರೆಕ್ಷನ್ ನಿಯಮಾವಳಿ 2001ರಲ್ಲಿ ಪ್ರಕಟವಾಯಿತು. ಕಾಲಂಗೆ ಕನಿಷ್ಠ ನಾಲ್ಕು ಫೌಂಡೇಶನ್ ಬೋಲ್ಟು ಇರಬೇಕು ಮತ್ತು ಕಾಲಂನ ಮುಖದಿಂದ 18 ಇಂಚು ಆಚೆ 300 ಪೌಂಡು, ಅಂದರೆ ಸುಮಾರು 136 ಕೆ.ಜಿ. ಭಾರ ಬಿದ್ದರೂ ಅದು ತಡೆಯಬೇಕು: ಹತ್ತಿದ ಕೆಲಸಗಾರ, ಅವನ ಉಪಕರಣ ಎರಡೂ ಸೇರಿದ ಲೆಕ್ಕವಿದು. ಇನ್ನೊಂದು ನಿಯಮದ ಪ್ರಕಾರ ಬುನಾದಿಯ ಕಾಂಕ್ರೀಟು ಉದ್ದೇಶಿತ ಬಲದ ಶೇ. 75ರಷ್ಟನ್ನು ಮುಟ್ಟಿದೆ ಎಂದು ಮುಖ್ಯ ಗುತ್ತಿಗೆದಾರ ಬರೆದುಕೊಡುವ ತನಕ ಇರೆಕ್ಷನ್ ಗ್ಯಾಂಗು ಕೆಲಸ ಶುರುಮಾಡುವಂತಿಲ್ಲ. ನನ್ನ ಲೆಕ್ಕದಲ್ಲಿ ಇಡೀ ನಿಯಮಾವಳಿಯ ತಿರುಳು ಈ ಒಂದು ಚೀಟಿ. ಸಿವಿಲ್ ಕೆಲಸ ಮುಗಿಸಿದವನ ಹೊಣೆ ಇರೆಕ್ಷನ್ ಗ್ಯಾಂಗಿನ ಕೈಗೆ ದಾಟುವ ಹೊತ್ತನ್ನು ಅದು ಗುರುತಿಸುತ್ತದೆ.

ನಮ್ಮಲ್ಲಿ ನಿಯಮವಿಲ್ಲವೆಂದಲ್ಲ. ಉಕ್ಕಿನ ಚೌಕಟ್ಟು ನಿಲ್ಲಿಸುವಾಗಿನ ಸುರಕ್ಷತೆಗೆಂದೇ ಭಾರತೀಯ ಮಾನಕ ಐಎಸ್ 7205 ಬಂದದ್ದು 1974ರಲ್ಲಿ, ಅಮೆರಿಕದ ಈ ನಿಯಮಾವಳಿಗಿಂತ ಕಾಲು ಶತಮಾನ ಮೊದಲು. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ 1996ರದು. ಅದಕ್ಕೆ ಕರ್ನಾಟಕದ ನಿಯಮಗಳು 2006ರಲ್ಲಿ ಬಂದವು. ಆದರೆ ಆ ಕಾಯ್ದೆ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ ಅನ್ವಯವಾಗುತ್ತಿತ್ತು. ಸುರಕ್ಷತಾ ಸಮಿತಿ ಮತ್ತು ಸುರಕ್ಷತಾ ಅಧಿಕಾರಿ 500 ಕಾರ್ಮಿಕರಿದ್ದರೆ ಮಾತ್ರ ಬೇಕಿತ್ತು. 2025ರ ನವೆಂಬರಿನಲ್ಲಿ ಅದರ ಬದಲಿಗೆ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಅಧಿಕಾರಿಯ ಮಿತಿಯನ್ನು ನಿರ್ಮಾಣ ಕೆಲಸಕ್ಕೆ 250ಕ್ಕೆ ಇಳಿಸಿದೆ, ಹತ್ತರ ಮಿತಿಯನ್ನು ಹಾಗೇ ಬಿಟ್ಟಿದೆ. ಕೊಟ್ಟೂರಿನಲ್ಲಿ ಗೋದಾಮು ಎಬ್ಬಿಸಲು ಬರುವ ಗ್ಯಾಂಗಿನಲ್ಲಿ ಒಬ್ಬ ಮೇಸ್ತ್ರಿ, ಇಬ್ಬರು ವೆಲ್ಡರುಗಳು, ನಾಲ್ಕೈದು ಹೆಲ್ಪರುಗಳು, ಬಾಡಿಗೆ ಹೈಡ್ರಾ ಕ್ರೇನಿನ ಡ್ರೈವರು ಇದ್ದರೆ ಅಲ್ಲಿಗೆ ಮುಗಿಯಿತು. 250 ಹಾಗಿರಲಿ, ಹತ್ತೂ ಆಗುವುದಿಲ್ಲ.

ಆ ಗೋದಾಮಿನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಎರಡು ಕಾಲಂ, ಅವುಗಳ ಮೇಲೆ ಒಂದು ರಾಫ್ಟರ್ ಸೇರಿದರೆ ಒಂದು ಫ್ರೇಮು. ಎರಡು ಫ್ರೇಮು ನಿಂತು ಅವುಗಳ ನಡುವೆ ಅಡ್ಡ ಬ್ರೇಸಿಂಗ್ ಬಿಗಿದ ಮೇಲೆ ಅದು ಪೆಟ್ಟಿಗೆಯಂತೆ ಗಟ್ಟಿ. ಅಲ್ಲಿಯ ತನಕ ಮೊದಲ ಫ್ರೇಮು ನಿಂತಿರುವುದು ನಾಲ್ಕು ದಿಕ್ಕಿಗೆ ಎಳೆದ ಗೈ ಹಗ್ಗಗಳ ಮೇಲೆ. ಬ್ರೇಸಿಂಗ್ ಇರುವ ಅಂಕಣದಿಂದಲೇ ಶುರುಮಾಡಬೇಕೆಂಬುದು ಈ ಕೆಲಸದ ಮೊದಲ ಪಾಠ. ಡ್ರಾಯಿಂಗಿನಲ್ಲಿ ಬ್ರೇಸಿಂಗ್ ಎಲ್ಲಿದೆಯೆಂದು ಇರುತ್ತದೆ, ಯಾವುದನ್ನು ಮೊದಲು ಕಟ್ಟಬೇಕೆಂದು ಬಹಳ ಸಲ ಇರುವುದಿಲ್ಲ. ಕ್ರೇನು ಯಾವ ಕಡೆಯಿಂದ ಒಳಬರುತ್ತದೋ ಆ ಕಡೆಯಿಂದ ಕೆಲಸ ಶುರು. ಬುನಾದಿ ಹಾಕಿ ಏಳು ದಿನವಾಗಿದ್ದರೆ ಸಾಕೆಂಬ ಲೆಕ್ಕ. ಸಾದಾ ಸಿಮೆಂಟಿನ ಕಾಂಕ್ರೀಟಿಗೆ ಏಳು ದಿನಕ್ಕೆ ಬರುವ ಬಲ ಸುಮಾರು ಮೂರರಲ್ಲಿ ಎರಡು ಪಾಲು. ಇದರ ಮೇಲೆ ಗಾಳಿ. ಗಾಳಿಯಂತ್ರದ ಕಂಪನಿಗಳು ಹರಪನಹಳ್ಳಿ, ಹಡಗಲಿ ಕಡೆ ಬಂದದ್ದೇ ಮುಂಗಾರಿನ ತಿಂಗಳುಗಳ ಜೋರು ಗಾಳಿ ನೋಡಿ. ಆಷಾಢದ ಅದೇ ಗಾಳಿ ಹಗ್ಗ ಸಡಿಲವಾದ ಒಂಟಿ ಫ್ರೇಮನ್ನೂ ತಳ್ಳುತ್ತದೆ. ಕೊನೆಗೆ ಶೀಟಿನ ಹಂತ: ಬೆಳಕಿಗೆಂದು ಅಲ್ಲಲ್ಲಿ ಹಾಕುವ ಫೈಬರ್ ಶೀಟು ಧೂಳು ಕೂತ ಮೇಲೆ ಪಕ್ಕದ ತಗಡಿನಂತೆಯೇ ಕಾಣುತ್ತದೆ, ಮನುಷ್ಯನ ಭಾರವನ್ನು ಮಾತ್ರ ತಡೆಯುವುದಿಲ್ಲ.

ವಿಚಿತ್ರವೆಂದರೆ ಇದೇ ತಾಲ್ಲೂಕುಗಳಲ್ಲಿ ಇದೇ ಕಸುಬು ತುಂಬ ಶಿಸ್ತಿನಿಂದಲೂ ನಡೆಯುತ್ತಿದೆ. ಗಾಳಿಯಂತ್ರದ ಉದ್ಯಮ ಜಗತ್ತಿನಾದ್ಯಂತ ಗ್ಲೋಬಲ್ ವಿಂಡ್ ಆರ್ಗನೈಸೇಶನ್ ಎಂಬ ತನ್ನದೇ ಸಂಸ್ಥೆ ಕಟ್ಟಿಕೊಂಡು ಎತ್ತರದ ಕೆಲಸ, ಪ್ರಥಮ ಚಿಕಿತ್ಸೆ, ಬೆಂಕಿ, ಭಾರ ಎತ್ತುವಿಕೆಗೆ ಪಠ್ಯ ಮಾಡಿದೆ; ಆ ಸರ್ಟಿಫಿಕೇಟನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಗಾಳಿಯ ವೇಗ ನಿಗದಿತ ಮಿತಿ ದಾಟಿದರೆ ರೆಕ್ಕೆ ಎತ್ತುವ ಕ್ರೇನು ನಿಲ್ಲುತ್ತದೆ, ಎಷ್ಟೇ ಬಾಡಿಗೆ ಓಡುತ್ತಿದ್ದರೂ. ನೂರು ಮೀಟರ್ ಎತ್ತರದ ಗಾಳಿಯಂತ್ರಕ್ಕೆ ಇರುವ ಈ ಎಚ್ಚರ ಹತ್ತು ಮೀಟರಿನ ಶೆಡ್ಡಿಗೆ ಬಂದಿಲ್ಲ. ಹತ್ತು ಮೀಟರಿನಿಂದ ಬಿದ್ದವನೂ ಬದುಕುವುದು ಕಷ್ಟ. ಅಂತರಕ್ಕೆ ಕಾರಣ ಧೈರ್ಯ, ಅಜ್ಞಾನಗಳಲ್ಲಿಲ್ಲ, ದುಡ್ಡು ಕೊಡುವ ರೀತಿಯಲ್ಲಿದೆ. ಗಾಳಿಯಂತ್ರದ ಗುತ್ತಿಗೆಯಲ್ಲಿ ಸುರಕ್ಷತೆಯೂ ಒಂದು ಷರತ್ತು. ಶೆಡ್ಡಿನ ಮೇಸ್ತ್ರಿಗೆ ಸಿಗುವುದು ಟನ್ನಿನ ಲೆಕ್ಕ ಅಥವಾ ಚದರಡಿಯ ಲೆಕ್ಕ. ಗೈ ಹಗ್ಗ ಎಳೆದು ಬಿಗಿಯುವುದು, ಬೆಲ್ಟಿನ ಕೊಂಡಿ ಸಿಕ್ಕಿಸುವ ಲೈಫ್‌ಲೈನ್ ಕಟ್ಟುವುದು, ಗಾಳಿ ಇಳಿಯಲೆಂದು ಅರ್ಧ ದಿನ ಕಾಯುವುದು ಬಿಲ್ಲಿನಲ್ಲಿ ಒಂದು ಕೆ.ಜಿ.ಯನ್ನೂ ಸೇರಿಸುವುದಿಲ್ಲ.

ಬೆಲ್ಟು ಕೊಟ್ಟರೂ ಹುಡುಗರು ಹಾಕಿಕೊಳ್ಳುವುದಿಲ್ಲ ಎಂಬುದು ಗುತ್ತಿಗೆದಾರರ ಹಳೆಯ ಉತ್ತರ. ಅದು ಪೂರ್ತಿ ಸುಳ್ಳಲ್ಲ. ಆದರೆ ಬೆಲ್ಟಿನ ಕೊಂಡಿಯನ್ನು ಎಲ್ಲಿ ಸಿಕ್ಕಿಸಬೇಕು? ಶೀಟು ಹೊರುವ ಅಡ್ಡಪಟ್ಟಿ, ಅಂದರೆ ಪರ್ಲಿನ್, ಇನ್ನೂ ಬಿಗಿಯದ ರಾಫ್ಟರಿನ ಮೇಲೆ ಲೈಫ್‌ಲೈನ್ ಇಲ್ಲದಿದ್ದರೆ ಬೆಲ್ಟು ಸೊಂಟಕ್ಕೆ ಭಾರವಷ್ಟೇ. ಲೈಫ್‌ಲೈನನ್ನು ನೆಲದ ಮೇಲಿರುವಾಗಲೇ ರಾಫ್ಟರಿಗೆ ಕಟ್ಟಿ ಮೇಲೆತ್ತುವುದು ಮೇಸ್ತ್ರಿಯ ತೀರ್ಮಾನ, ಹೆಲ್ಪರನದಲ್ಲ. ಸಣ್ಣ ಗುತ್ತಿಗೆದಾರ ಈ ಖರ್ಚು ತಾಳಲಾರ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಡಿಮೆ ದರ ಹಾಕಿದವನಿಗೆ ಕೆಲಸ ಸಿಗುವ ಕಡೆ ಒಬ್ಬನೇ ಹಗ್ಗಕ್ಕೆ ದುಡ್ಡು ಸುರಿದರೆ ಕೆಲಸ ಕಳೆದುಕೊಳ್ಳುತ್ತಾನೆ. ಹಾಗಾಗಿಯೇ ಅದನ್ನು ದರಪಟ್ಟಿಯೊಳಗೆ ಪ್ರತ್ಯೇಕ ಐಟಂ ಮಾಡಬೇಕು, ಎಲ್ಲರಿಗೂ ಒಂದೇ ಮೊತ್ತ, ಅದರಲ್ಲಿ ಪೈಪೋಟಿ ಇಲ್ಲ. ಎಪಿಎಂಸಿ, ಶಾಲೆ, ಪಂಚಾಯಿತಿಗಳ ಶೆಡ್ಡುಗಳು ಸರ್ಕಾರದ ದುಡ್ಡಿನವು. ಅಲ್ಲಿಂದ ಶುರುಮಾಡಲು ಹೊಸ ಕಾಯ್ದೆ ಬೇಕಿಲ್ಲ. ಹತ್ತರ ಮಿತಿಯನ್ನು ಇಳಿಸಿದರೆ ಇನ್ಸ್‌ಪೆಕ್ಟರರ ಕಾಟ ಹೆಚ್ಚುತ್ತದೆ ಎನ್ನುವವರ ಭಯವೂ ನಿಜವಾದದ್ದೇ. ನಾನು ಕೇಳುತ್ತಿರುವುದು ಇನ್ನೊಬ್ಬ ಇನ್ಸ್‌ಪೆಕ್ಟರನನ್ನಲ್ಲ, ಎರಡು ಹಾಳೆಗಳನ್ನು: ಕಾಂಕ್ರೀಟು ಯಾವತ್ತು ಹಾಕಿದ್ದು, ಬೋಲ್ಟು ಎಷ್ಟಿವೆ ಎಂದು ಸಿವಿಲ್ ಗುತ್ತಿಗೆದಾರ ಸಹಿ ಮಾಡಿದ ಒಂದು, ಯಾವ ಫ್ರೇಮು ಮೊದಲು ಎಂದು ಡಿಸೈನರ್ ಚಿತ್ರ ಬಿಡಿಸಿ ಕನ್ನಡದಲ್ಲಿ ಬರೆದ ಇನ್ನೊಂದು. ಬಿಲ್ಲು ಪಾಸಾಗಲು ಎರಡೂ ಬೇಕು ಎಂದರಾಯಿತು.

ತರಬೇತಿಯ ಕಥೆ ಇನ್ನೂ ತೆಳು. ಐಟಿಐಗಳಲ್ಲಿ ವೆಲ್ಡರ್ ಒಂದು ವರ್ಷದ್ದು, ಫಿಟ್ಟರ್ ಎರಡು ವರ್ಷದ್ದು. ಎರಡೂ ಮುಖ್ಯವಾಗಿ ವರ್ಕ್‌ಶಾಪಿನ ನೆಲದ ಮೇಲೆ ನಿಂತು ಮಾಡುವ ಕೆಲಸ ಕಲಿಸುತ್ತವೆ. ಗಾಳಿಯಲ್ಲಿ ತೂಗುವ ರಾಫ್ಟರಿಗೆ ಬೋಲ್ಟು ಹಾಕುವುದನ್ನು ಹುಡುಗ ಹೊರಗೆ ಬಂದ ಮೇಲೆಯೇ ಕಲಿಯಬೇಕು. ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಸಂಗ್ರಹಿಸುವ ಕಾರ್ಮಿಕ ಕಲ್ಯಾಣ ಮಂಡಳಿ ಮದುವೆ, ಪಿಂಚಣಿ, ಮಕ್ಕಳ ವಿದ್ಯಾಭ್ಯಾಸ, ಅಪಘಾತ ಪರಿಹಾರಗಳಿಗೆ ನೆರವು ಕೊಡುತ್ತದೆ. ಇವೆಲ್ಲ ಬೇಕಾದವೇ, ಆದರೆ ಅಪಘಾತಕ್ಕೆ ಮುಂಚಿನ ಖರ್ಚಿಗೆ ಅಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕು. ಕಲಿಸಬೇಕಾದ್ದು ಮೊದಲು ಮೇಸ್ತ್ರಿಗೆ. ಹೆಲ್ಪರ್ ಇವತ್ತು ಈ ಗ್ಯಾಂಗಿನಲ್ಲಿದ್ದು ನಾಳೆ ಬೆಂಗಳೂರಿಗೆ ಹೋಗುತ್ತಾನೆ. ಮೇಸ್ತ್ರಿ ತನ್ನ ಊರು, ತಾಂಡಾದ ಹುಡುಗರನ್ನೇ ಕೂಡಿಸಿಕೊಂಡು ವರ್ಷಗಟ್ಟಲೆ ಕೆಲಸ ಹಿಡಿಯುತ್ತಾನೆ. ಓದು ಕಡಿಮೆ ಇರುವ ಮೇಸ್ತ್ರಿಗಳು ಕೋರ್ಸಿಗೆ ಬರುವುದಿಲ್ಲ ಎನ್ನುವವರಿದ್ದಾರೆ. ಬೋರ್ಡಿನ ಮೇಲಿನ ಪಾಠಕ್ಕೆ ಬರಲಿಕ್ಕಿಲ್ಲ. ದಿನಗೂಲಿ ಕೊಟ್ಟು, ಸ್ಲಿಂಗನ್ನು ಕೈಗೆ ಕೊಟ್ಟು, ಕ್ರೇನ್ ಡ್ರೈವರಿಗೆ ಸನ್ನೆ ಮಾಡಿ ತೋರಿಸೆಂದು ಕರೆದರೆ ಬಾರದಿರಲು ಕಾರಣವಿಲ್ಲ; ಕಲಿತದ್ದಕ್ಕೆ ಸರ್ಟಿಫಿಕೇಟು ಸಿಕ್ಕರೆ ಅದು ಟೆಂಡರಿನಲ್ಲೂ ಎಣಿಕೆಗೆ ಬರಬೇಕು.

ಅಂಥ ಕಲಿಕೆಗೆ ಜಾಗ ಹುಡುಕುತ್ತ ದೂರ ಹೋಗಬೇಕಾಗಿಲ್ಲ. ತುಂಗಭದ್ರೆಯ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಗಿದೆ: ಹಳೆಯದನ್ನು ಕಳಚುವುದು, ಹೊಸದನ್ನು ಎತ್ತಿ ತೋಡಿನಲ್ಲಿ ಕೂರಿಸುವುದು, ಒಂದೇ ಅಳತೆಯಲ್ಲಿ 33 ಸಲ. ಗೇಟಿನ ಕೆಲಸ ಬೇರೆ, ಶೆಡ್ಡಿನ ಕೆಲಸ ಬೇರೆ ಎನ್ನಬಹುದು. ನಿಜ, ಗೇಟಿಗೆ ಬೇಕಾದ ಸೂಕ್ಷ್ಮ ಅಳತೆ ಶೆಡ್ಡಿಗೆ ಬೇಡ. ಸ್ಲಿಂಗ್ ಕಟ್ಟುವುದು, ಸನ್ನೆ ಮಾಡುವುದು, ತಾತ್ಕಾಲಿಕ ಆಸರೆ ನಿಲ್ಲಿಸುವುದು, ಹಿಂದಿನವನ ಸಹಿ ಇಲ್ಲದೆ ಮುಂದಿನ ಬೋಲ್ಟು ಬಿಗಿಯದಿರುವುದು ಎರಡಕ್ಕೂ ಒಂದೇ. ಅಣೆಕಟ್ಟಿನಿಂದ ಹಗರಿಬೊಮ್ಮನಹಳ್ಳಿ ಬಸ್ಸಿನ ದಾರಿ, ಕೂಡ್ಲಿಗಿ ಹೆದ್ದಾರಿಯ ಮೇಲೇ ಇದೆ. ಪ್ರತಿ ಗೇಟಿನ ಕೆಲಸಕ್ಕೆ ಈ ಐದು ತಾಲ್ಲೂಕುಗಳಿಂದ ಒಟ್ಟು ಇಬ್ಬರು ಹೊಸ ಮೇಸ್ತ್ರಿಗಳನ್ನು ಕೂಲಿ ಸಮೇತ ಸೇರಿಸಿಕೊಳ್ಳಬೇಕೆಂಬ ಷರತ್ತು ಹಾಕಿದರೆ ಗುತ್ತಿಗೆದಾರನಿಗೆ ಅದು ಹೊರೆಯಾಗದು, ಮತ್ತು ಕೊನೆಯ ಗೇಟು ಕೂರುವ ಹೊತ್ತಿಗೆ ಕೈಕೆಲಸ ಬಲ್ಲ 66 ಮಂದಿ ಕೊಟ್ಟೂರು, ಹಡಗಲಿಯ ಶೆಡ್ಡುಗಳಿಗೆ ವಾಪಸಾಗಿರುತ್ತಾರೆ.