ಬೆತ್ತ, ಮರಳು ಮತ್ತು ನೆನಪು

ಕಾಂಬೋಡಿಯಾ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಅಂಕೋರ್ ವಾಟ್ ದೇವಸ್ಥಾನ ಅಷ್ಟೇ. ಸುಮಾರು ಒಂಬೈನೂರು ವರ್ಷದ ಹಿಂದಿನ ಕಲ್ಲಿನ ಕೆತ್ತನೆ ನೋಡಿ ಬೆರಗಾಗ್ತೀವಿ. ಆದರೆ ಆ ದೇಶದ ಕಲೆ ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲೇ ಪೂರ್ತಿ ಅಳಿದುಹೋಗೋ ಹಂತಕ್ಕೆ ಬಂದಿತ್ತು.

1975ರ ಏಪ್ರಿಲ್ 17ರಂದು ಪೋಲ್ ಪಾಟ್‌ನ ಖ್ಮೇರ್ ರೂಜ್ ಪಡೆ ರಾಜಧಾನಿ ನಾಮ್ ಪೆನ್ ಹಿಡಿಯಿತು. ಪಟ್ಟಣದ ಜನರನ್ನೆಲ್ಲ ಹಳ್ಳಿಗಳಿಗೆ ಅಟ್ಟಿ ಗದ್ದೆ ಕೆಲಸಕ್ಕೆ ಹಾಕಿದರು. 1979ರ ಜನವರಿಯಲ್ಲಿ ಆ ಆಡಳಿತ ಬೀಳುವ ಹೊತ್ತಿಗೆ ಹಸಿವು, ಕಾಯಿಲೆ, ಕೊಲೆಗೆ ಸುಮಾರು 17 ಲಕ್ಷ ಜನ ಬಲಿಯಾಗಿದ್ದರು. ಕುಣಿಯುವವರು, ಹಾಡುವವರು, ಚಿತ್ರ ಬರೆಯುವವರು ಬಹುಪಾಲು ಸತ್ತರು. ಎಸ್-21 ಅನ್ನೋ ಸೆರೆಮನೆಯಲ್ಲಿದ್ದ ವಾನ್ ನಾಥ್ ಬದುಕಿ ಉಳಿದದ್ದು ಪೋಲ್ ಪಾಟ್‌ನ ಚಿತ್ರ ಬರೆಯೋಕೆ ಬರುತ್ತಿತ್ತು ಅನ್ನೋ ಒಂದೇ ಕಾರಣಕ್ಕೆ. ಆಮೇಲೆ ಅದೇ ಕೈಯಿಂದ ಅವರು ಸೆರೆಮನೆಯ ಹಿಂಸೆಯನ್ನು ಚಿತ್ರಿಸಿದರು. 2009ರಲ್ಲಿ ಆ ಸೆರೆಮನೆಯ ಮುಖ್ಯಸ್ಥನ ವಿಚಾರಣೆಯಲ್ಲಿ ಸಾಕ್ಷಿ ಹೇಳಿದರು. 2011ರಲ್ಲಿ ತೀರಿಕೊಂಡರು.

ಮುಂದಿನ ತಲೆಮಾರಿನ ಸೋಫೀಪ್ ಪಿಚ್ 1971ರಲ್ಲಿ ಬಟ್ಟಂಬಾಂಗ್‌ನಲ್ಲಿ ಹುಟ್ಟಿದವರು. ನಿರಾಶ್ರಿತರಾಗಿ ಅಮೆರಿಕ ಸೇರಿ, ಚಿತ್ರಕಲೆ ಓದಿ, 2002ರಲ್ಲಿ ಊರಿಗೆ ಮರಳಿದರು. ಅಲ್ಲಿ ಬಣ್ಣ ಬಿಟ್ಟು ಬೆತ್ತ, ಬಿದಿರು ಹಿಡಿದರು. ಹಳ್ಳಿಯವರು ಬುಟ್ಟಿ, ಮೀನಿನ ಕೂಳಿ ಹೆಣೆಯೋ ಅದೇ ಬೆತ್ತ. ಅವರ ಕೆಲಸದ ಫೋಟೊ ನೋಡಿದಾಗ ನನ್ನ ಕಣ್ಣು ಮೊದಲು ಹೋಗಿದ್ದು ತಂತಿ ಸುತ್ತಿ ಬಿಗಿದ ಗಂಟುಗಳ ಕಡೆಗೆ. ಐಟಿಐ ಮುಗಿಸಿದಾಗಿನಿಂದ ಪೈಪ್ ಬಗ್ಗಿಸಿ ಬೈಂಡಿಂಗ್ ವೈರ್ ಕಟ್ಟಿರೋ ನನಗೆ ಅದು ಎಷ್ಟು ತಾಳ್ಮೆಯ ಕೆಲಸ ಅಂತ ಗೊತ್ತು. 2011ರಲ್ಲಿ ಅವರು ಸುಮಾರು 17 ಅಡಿ ಉದ್ದದ ಒಂದು ಹೂವು ಹೆಣೆದರು. ಇಲ್ಲಿ ಸಿಂಗಪುರದಲ್ಲಿ ನಾವು ಅನ್ನದ ಜೊತೆ ತಿನ್ನೋ ಕಂಗ್‌ಕಾಂಗ್ ಸೊಪ್ಪಿನ ಹೂವು ಅದು. ಖ್ಮೇರ್ ರೂಜ್ ಕಾಲದ ಹಸಿವಿನಲ್ಲಿ ಜನರ ಹೊಟ್ಟೆಗೆ ಆಧಾರವಾಗಿದ್ದೇ ಆ ಸೊಪ್ಪು.

ಯುದ್ಧ ಮುಗಿದ ಮೇಲೆ ಬೇರೆ ತರದ ನಾಶ ಶುರುವಾಯ್ತು. 2007ರಲ್ಲಿ ನಾಮ್ ಪೆನ್‌ನ ಬೊಂಗ್ ಕಾಕ್ ಕೆರೆ ಪ್ರದೇಶದ 133 ಹೆಕ್ಟೇರನ್ನು 99 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಮರಳು ಸುರಿದು ಕೆರೆ ಮುಚ್ಚಿದರು. ಸಾವಿರಾರು ಕುಟುಂಬ ಮನೆ ಕಳೆದುಕೊಂಡವು. ಆಗ ಖ್ವಾಯ್ ಸಮ್ನಾಂಗ್ ಅನ್ನೋ ಯುವ ಕಲಾವಿದ ಇಂಥ ಕೆರೆಗಳ ನೀರಿಗಿಳಿದು, ಒಂದು ಬಕೆಟ್ ಮರಳನ್ನು ತನ್ನ ತಲೆ ಮೇಲೆ ತಾನೇ ಸುರಿದುಕೊಂಡ. ಒಂದೂ ಮಾತಿಲ್ಲ. ಅದರ ಫೋಟೊ, ವಿಡಿಯೋಗಳೇ ಕಲಾಕೃತಿ.

ಆ ಚಿತ್ರ ನೋಡಿ ನಾನು ಸುಮ್ಮನೆ ಕೂತುಬಿಟ್ಟೆ. ಯಾಕಂದ್ರೆ ಕಾಂಬೋಡಿಯಾದ ಮರಳು ಸಿಂಗಪುರಕ್ಕೂ ಬಂದಿದೆ. ಕೋ ಕಾಂಗ್ ಪ್ರಾಂತ್ಯದ ಅಳಿವೆಗಳಿಂದ ತೆಗೆದು, ಸಮುದ್ರ ತುಂಬಿ ನೆಲ ಮಾಡೋಕೆ ಹಡಗಿನಲ್ಲಿ ತಂದರು. ಮೀನು, ಏಡಿ ಸಿಗ್ತಿಲ್ಲ ಅಂತ ಅಲ್ಲಿನ ಬೆಸ್ತರು ಗೋಳಾಡಿದರು. 2017ರಲ್ಲಿ ಕಾಂಬೋಡಿಯಾ ಸರ್ಕಾರ ಆ ರಫ್ತು ನಿಲ್ಲಿಸಿತು. ನಾನು ವೈರಿಂಗ್ ಮಾಡಿದ ಎಷ್ಟೋ ಕಟ್ಟಡ ನಿಂತಿರೋದು ಸಮುದ್ರ ತುಂಬಿದ ನೆಲದ ಮೇಲೆ. ಆ ನೆಲ ಯಾರ ಹೊಳೆಯಿಂದ ಬಂತು ಅಂತ ಇಷ್ಟು ವರ್ಷ ನಾನು ಒಮ್ಮೆಯೂ ಕೇಳಿರಲಿಲ್ಲ.