ಅಪ್ಪನ ಅಂಬಾಸಿಡರ್, ಬಿಗ್ ಎಂಡ್ ಬೇರಿಂಗ್ ಮತ್ತು ಒಂದು ಥೌ ಲೆಕ್ಕ

ಇದು ಈ ವಾರದ ವಿಡಿಯೋದ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಕೆಲವು ಅಂಕಿಗಳನ್ನ ಇಲ್ಲಿ ಸೇರಿಸಿದ್ದೀನಿ.

ನ್ಯೂ ಟೌನ್‌ನಲ್ಲಿ ಇರೋರಿಗೆ ಈ ಸೌಂಡ್ ಗೊತ್ತಿರುತ್ತೆ. ಸಂಜೆ ಆಫೀಸ್ ಮುಗಿಸಿ ಬಿಸ್ವ ಬಾಂಗ್ಲಾ ಗೇಟ್ ಕಡೆ ಬರುವಾಗ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಒಂದು ಹಳದಿ ಅಂಬಾಸಿಡರ್ ಟ್ಯಾಕ್ಸಿ ಬಂದು ನಿಲ್ಲುತ್ತೆ. ಗ್ರೀನ್ ಬಿದ್ದು ಡ್ರೈವರ್ ಎಕ್ಸಲರೇಟರ್ ಒತ್ತಿದ ಕೂಡಲೇ ಎಂಜಿನ್ನಿನ ಕೆಳಭಾಗದಿಂದ ‘ಟಕ್ ಟಕ್ ಟಕ್’. ವೇಗ ಹೆಚ್ಚಿದ ಹಾಗೆ ಬಡಿತವೂ ಹೆಚ್ಚುತ್ತೆ. ಅದು ಸಾಮಾನ್ಯವಾಗಿ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸವೆದಿರುವ ಲಕ್ಷಣ. ನಮ್ಮ ಕಡೆ ಗ್ಯಾರೇಜಿನಲ್ಲಿ ‘ಬಿಗ್ ಎಂಡ್ ಹೊಡೀತಿದೆ’ ಅಂತಾರೆ.

ಈ ಸೌಂಡ್ ನಾನು ಮೊದಲು ಕೇಳಿದ್ದು ಶಿರಾಡಿ ಘಾಟಿನಲ್ಲಿ, 2003ರಲ್ಲಿ. ಅಪ್ಪ ಹಾಸನದಲ್ಲಿ ಡೀಸೆಲ್ ಅಂಬಾಸಿಡರ್ ಇಟ್ಕೊಂಡು ಬೇಲೂರು, ಹಳೇಬೀಡು, ಧರ್ಮಸ್ಥಳಕ್ಕೆ ಬಾಡಿಗೆ ಹೊಡೀತಿದ್ರು. ಘಾಟಿ ಹತ್ತುವಾಗ ಬೇರಿಂಗ್ ಹೋಯ್ತು. ಎಂಜಿನ್ ಇಳಿಸಿ, ಊರಿನ ಪರಿಚಯದ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಹೊಸ ಶೆಲ್ ತಂದು ಹಾಕಿಸಿದ್ರು. ಮೂರೇ ತಿಂಗಳಿಗೆ ಮತ್ತೆ ಹೋಯ್ತು. ಎರಡನೇ ಸಲಕ್ಕೆ ದುಡ್ಡಿರಲಿಲ್ಲ, ಕಾರು ಮಾರಾಟವಾಯ್ತು. ‘ಡ್ಯೂಪ್ಲಿಕೇಟ್ ಮಾಲು ಕೊಟ್ಟು ಕೈ ಕೊಟ್ಟ’ ಅಂತ ಅಪ್ಪ ಆ ಅಂಗಡಿಯವರ ಜೊತೆ ಮಾತು ಬಿಟ್ರು. ಅವರು ಅಪ್ಪನ ಹಳೇ ಸ್ನೇಹಿತರು. ಹೋದ ಬೇರಿಂಗ್‌ನ ಒಂದು ಅರ್ಧ ಚಿಪ್ಪನ್ನ ಅಪ್ಪ ಸಾಕ್ಷಿ ಅಂತ ಡಬ್ಬಿಯಲ್ಲಿ ಇಟ್ಕೊಂಡಿದ್ರು. ಈಗ ಅದು ಇಲ್ಲಿ ನನ್ನ ಲ್ಯಾಪ್‌ಟಾಪ್ ಪಕ್ಕದಲ್ಲಿದೆ.

ಹಿಂದಿನ ವಿಡಿಯೋ ಆದ್ಮೇಲೆ ಹೆಚ್ಚು ಜನ ಕೇಳಿದ್ದು ಒಂದೇ ಪ್ರಶ್ನೆ: ‘ಹಳೇ ಎಂಜಿನ್ ಬಿಲ್ಡ್ ಮಾಡಿಸ್ತಿದ್ದೀನಿ, ಯಾವ ಕಂಪನಿಯ ಪರ್ಫಾರ್ಮೆನ್ಸ್ ಬೇರಿಂಗ್ ಹಾಕಿಸಲಿ?’ ಆ ಪ್ರಶ್ನೆಗೂ ಅಪ್ಪನ ಡಬ್ಬಿಗೂ ಉತ್ತರ ಒಂದೇ. ಆದರೆ ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಇದು ಏನು ಅಂತ ನೋಡೋಣ. ಪಿಸ್ಟನ್ ಮೇಲೆ ಕೆಳಗೆ ಹೋಗುತ್ತೆ, ಕ್ರ್ಯಾಂಕ್ ತಿರುಗುತ್ತೆ, ಎರಡನ್ನೂ ಸೇರಿಸೋದು ಕನೆಕ್ಟಿಂಗ್ ರಾಡ್. ರಾಡ್‌ನ ದೊಡ್ಡ ತುದಿ ಕ್ರ್ಯಾಂಕ್‌ಪಿನ್ ಸುತ್ತ ಕೂರುವ ಜಾಗದಲ್ಲಿ ಎರಡು ಅರ್ಧಚಂದ್ರದ ಚಿಪ್ಪುಗಳಿರುತ್ತವೆ. ಅಂಬಾಸಿಡರ್‌ನ ಹಳೇ 1489 ಸಿಸಿ ಎಂಜಿನ್ನಿನಲ್ಲಿ ಈ ಪಿನ್ ಸುಮಾರು 1.876 ಇಂಚು, ಅಂದ್ರೆ 47.6 ಮಿ.ಮೀ. ನಿಮಿಷಕ್ಕೆ 4500 ಸುತ್ತಿನಲ್ಲಿ ಪಿನ್‌ನ ಮೈ ಚಿಪ್ಪಿನೊಳಗೆ ಸೆಕೆಂಡಿಗೆ 11 ಮೀಟರ್ ಜಾರುತ್ತೆ, ಗಂಟೆಗೆ 40 ಕಿ.ಮೀ. ಲೆಕ್ಕ. ಹಾಗೆ ಜಾರುತ್ತಲೇ ಪ್ರತಿ ಪವರ್ ಸ್ಟ್ರೋಕಿನ ಏಟನ್ನೂ ತಡೀಬೇಕು.

ಇಷ್ಟು ಕೆಲಸಕ್ಕೆ ಗಟ್ಟಿ ಲೋಹ ಬೇಕು ಅಂತ ಅನ್ನಿಸುತ್ತೆ. ಇತಿಹಾಸ ಹೋಗಿದ್ದು ಉಲ್ಟಾ ದಿಕ್ಕಿನಲ್ಲಿ. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಪೇಟೆಂಟ್ ತಗೊಂಡಿದ್ದು ಮೆತ್ತನೆಯ ಲೋಹದ ಬೇರಿಂಗ್‌ಗೆ. ಅವನ ಹೆಸರಿನಲ್ಲಿ ಮುಂದೆ ಬಳಕೆಗೆ ಬಂದ ಒಂದು ಮಿಶ್ರಣದಲ್ಲಿ ಸುಮಾರು 89 ಭಾಗ ತವರ, ಉಳಿದದ್ದು ಆಂಟಿಮನಿ ಮತ್ತು ತಾಮ್ರ. ನಮ್ಮ ಮೆಕ್ಯಾನಿಕ್‌ಗಳು ವೈಟ್ ಮೆಟಲ್ ಅನ್ನೋದು ಇದನ್ನೇ. ಎಣ್ಣೆಯಲ್ಲಿ ಕಸ ಬಂದರೆ ಅದು ಮೆತ್ತನೆಯ ಲೋಹದೊಳಗೆ ಹುದುಗಿಕೊಳ್ಳುತ್ತೆ, ಶಾಫ್ಟ್ ಗೀರಲ್ಲ. ಎಣ್ಣೆ ಒಂದು ಕ್ಷಣ ತಪ್ಪಿದರೂ ಚಿಪ್ಪು ಸವೆದು ಶಾಫ್ಟ್ ಉಳಿಯುತ್ತೆ. ದುಬಾರಿ ಕ್ರ್ಯಾಂಕ್ ಉಳಿಸೋಕೆ ಅಗ್ಗದ ಚಿಪ್ಪು ಸಾಯಬೇಕು, ಡಿಸೈನ್ ಇರೋದೇ ಹಾಗೆ.

ಆದ್ರೆ ತವರದಷ್ಟು ಮೆತ್ತಗಿರೋದು ಇಷ್ಟು ಹೊರೆ ತಡೆಯೋದು ಹೇಗೆ? ಇದು ಗೊತ್ತಾಗಿದ್ದು ಒಂದು ಸಣ್ಣ ಕಿರಿಕಿರಿಯಿಂದ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೋಶಾಂ ಟವರ್ ಅನ್ನೋ ಎಂಜಿನಿಯರ್ ರೈಲು ಬೋಗಿಯ ಆಕ್ಸಲ್ ಬೇರಿಂಗ್‌ಗಳ ಮೇಲೆ ಪ್ರಯೋಗ ಮಾಡ್ತಿದ್ದ. ಬೇರಿಂಗ್ ಮೇಲೆ ಕೊರೆದ ತೂತಿನಿಂದ ಎಣ್ಣೆ ಉಕ್ಕಿ ಬರ್ತಿತ್ತು. ಮರದ ಬೆಣೆ ಹೊಡೆದ, ಅದೂ ಹೊರಗೆ ಬಂತು. ಪ್ರೆಷರ್ ಗೇಜ್ ಹಾಕಿ ನೋಡಿದಾಗ ಒಳಗಿನ ಒತ್ತಡ ಅವನ ಲೆಕ್ಕಕ್ಕಿಂತ ತುಂಬಾ ಜಾಸ್ತಿ ಇತ್ತು. ಅಂದ್ರೆ ಲೋಹ ಲೋಹವನ್ನ ಮುಟ್ಟುತ್ತಲೇ ಇರಲಿಲ್ಲ. ತಿರುಗುವ ಶಾಫ್ಟ್ ತಾನೇ ಎಣ್ಣೆಯನ್ನ ಇಕ್ಕಟ್ಟಿಗೆ ಎಳೆದುಕೊಂಡು, ಆ ಎಣ್ಣೆಯ ಮೇಲೆ ತೇಲ್ತಿತ್ತು. 1886ರಲ್ಲಿ ಓಸ್ಬೋರ್ನ್ ರೇನಾಲ್ಡ್ಸ್ ಇದಕ್ಕೆ ಗಣಿತ ಬರೆದ. ಎಂಟೆಕ್‌ನಲ್ಲಿ ಆ ಸಮೀಕರಣ ನಾನೂ ಬಾಯಿಪಾಠ ಮಾಡಿ ಪಾಸಾದೆ. ಅಪ್ಪನ ಕಾರಿಗೂ ಅದಕ್ಕೂ ಸಂಬಂಧ ಇದೆ ಅಂತ ಆಗ ಹೊಳೆದಿರಲಿಲ್ಲ.

ಹಾಗಾಗಿ ನಿಜವಾದ ಬೇರಿಂಗ್ ಅಂದ್ರೆ ಎಣ್ಣೆಯ ಪದರ. ಆ ಪದರ ನಿಲ್ಲೋದು ಪಿನ್‌ಗೂ ಚಿಪ್ಪಿಗೂ ನಡುವಿನ ಗ್ಯಾಪ್ ಸರಿಯಿದ್ರೆ ಮಾತ್ರ. (ಮೈಸೂರಿನ ಐಡಿಯಲ್ ಜಾವಾ ಬೈಕ್‌ಗಳ ಬಿಗ್ ಎಂಡ್‌ನಲ್ಲಿ ರೋಲರ್ ಇರ್ತಿತ್ತಲ್ಲ ಅಂತ ಕೇಳಬಹುದು. ಅದು ಟೂ ಸ್ಟ್ರೋಕ್. ಪೆಟ್ರೋಲಿನ ಜೊತೆ ಬರುವ ಒಂದಿಷ್ಟು ಎಣ್ಣೆ ಮಾತ್ರ ಸಿಗೋದು. ಒತ್ತಡದಲ್ಲಿ ಎಣ್ಣೆ ಕಳಿಸೋ ಪಂಪ್ ಇಲ್ಲದ ಇಂಥ ಎಂಜಿನ್‌ಗೆ ರೋಲರ್ ಹೊಂದುತ್ತೆ.)

ಮೋಟಾರು ಕಾರಿನ ಮೊದಲ ದಶಕಗಳಲ್ಲಿ ಈ ಗ್ಯಾಪ್ ಇದ್ದದ್ದು ಮಿಸ್ತ್ರಿಯ ಕೈಯಲ್ಲಿ. ಕಾಯಿಸಿದ ವೈಟ್ ಮೆಟಲನ್ನ ನೇರವಾಗಿ ರಾಡ್‌ಗೆ ಎರಕ ಹೊಯ್ದು, ಶಾಫ್ಟಿಗೆ ನೀಲಿ ಬಣ್ಣ ಸವರಿ, ಕೂರಿಸಿ ತಿರುಗಿಸಿ, ಬಣ್ಣ ಹತ್ತಿದ ಕಡೆ ಮಾತ್ರ ಸ್ಕ್ರೇಪರ್‌ನಲ್ಲಿ ಹೆರೆಯೋದು. ಮತ್ತೆ ಬಣ್ಣ, ಮತ್ತೆ ಹೆರೆತ. ಶಾಫ್ಟ್ ಸ್ವಲ್ಪ ಸೊಟ್ಟಗಿದ್ದರೂ ಬೇರಿಂಗನ್ನ ಅದಕ್ಕೆ ತಕ್ಕಂತೆ ಹೆರೆದು ಕೂರಿಸಬಹುದಿತ್ತು.

ಇದು ಬದಲಾಗಿದ್ದು ತೆಳು ಚಿಪ್ಪು ಬಂದಮೇಲೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಗ್ರಾಫೈಟ್ ಬ್ರಾಂಜ್ ಕಂಪನಿ ಉಕ್ಕಿನ ಪಟ್ಟಿಗೆ ಬೇರಿಂಗ್ ಲೋಹ ಅಂಟಿಸಿ, ಬಗ್ಗಿಸಿ, ರೆಡಿಮೇಡ್ ಚಿಪ್ಪು ಮಾಡಿತು. ಮುಂದೆ ಅದೇ ಕ್ಲೆವಿಟ್ ಹೆಸರಾಯ್ತು. 1930ರ ದಶಕದ ಆರಂಭದಲ್ಲಿ ಟೋನಿ ವಾಂಡರ್‌ವೆಲ್ ಅದರ ಲೈಸೆನ್ಸ್ ತಗೊಂಡು ಲಂಡನ್‌ನ ಆ್ಯಕ್ಟನ್‌ನಲ್ಲಿ ‘ಥಿನ್‌ವಾಲ್’ ಬೇರಿಂಗ್ ತಯಾರಿಸೋಕೆ ಶುರು ಮಾಡಿದ. ಫೆರಾರಿಗೂ ಅವನದೇ ಬೇರಿಂಗ್ ಹೋಗ್ತಿತ್ತು. ಒಂದು ಫೆರಾರಿ ಕೊಂಡು ಅದಕ್ಕೆ ‘ಥಿನ್‌ವಾಲ್ ಸ್ಪೆಷಲ್’ ಅಂತ ಬೇರಿಂಗ್‌ನ ಹೆಸರನ್ನೇ ಇಟ್ಟು ರೇಸಿಗೆ ಬಿಟ್ಟ. ಆಮೇಲೆ ತನ್ನದೇ ವ್ಯಾನ್‌ವಾಲ್ ಕಾರು ಕಟ್ಟಿದ. 1958ರಲ್ಲಿ ಫಾರ್ಮುಲಾ ಒನ್‌ನ ಮೊಟ್ಟಮೊದಲ ಕನ್‌ಸ್ಟ್ರಕ್ಟರ್ಸ್ ಚಾಂಪಿಯನ್‌ಶಿಪ್ ಫೆರಾರಿಗೆ ಸಿಗಲಿಲ್ಲ, ಈ ಬೇರಿಂಗ್ ವ್ಯಾಪಾರಿಯ ತಂಡಕ್ಕೆ ಸಿಕ್ಕಿತು.

ಹೆಚ್ಚುಕಮ್ಮಿ ಅದೇ ಹೊತ್ತಿಗೆ, ನಾನು ಕೂತಿರೋ ಜಾಗದಿಂದ ಹೂಗ್ಲಿ ನದಿ ದಾಟಿದರೆ ಸಿಗುವ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಅಂಬಾಸಿಡರ್ ತಯಾರಿಸೋಕೆ ಶುರು ಮಾಡಿತ್ತು. ಅಲ್ಲಿನ ರೈಲ್ವೆ ಸ್ಟೇಷನ್‌ನ ಹೆಸರೇ ಹಿಂದ್ ಮೋಟಾರ್. ಸ್ವಲ್ಪದರಲ್ಲೇ ಆ ಕಾರಿಗೆ ಬಂದ 1489 ಸಿಸಿ ಬಿಎಂಸಿ ಬಿ-ಸೀರೀಸ್ ಎಂಜಿನ್, 1955ರ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಎ ಎಂಜಿನ್ನಿನ ದಾಯಾದಿ. ನಮ್ಮ ಟ್ಯಾಕ್ಸಿಯ ವಂಶದಲ್ಲಿ ರೇಸ್ ರಕ್ತ ಇದೆ ಅಂದ್ರೆ ನಗಬೇಡಿ. ಚಿಪ್ಪುಗಳೂ ಇಲ್ಲೇ ತಯಾರಾಗೋಕೆ ಶುರುವಾದವು. 1961ರಲ್ಲಿ ಹುಟ್ಟಿದ ಬೈಮೆಟಲ್ ಬೇರಿಂಗ್ಸ್‌ನ ಒಂದು ಫ್ಯಾಕ್ಟರಿ ನಮ್ಮ ಬೆಂಗಳೂರಿನ ಪಕ್ಕದ ಹೊಸೂರಿನಲ್ಲೇ ಇದೆ.

ಈಗ ಮುಖ್ಯ ಮಾತು. ತೆಳು ಚಿಪ್ಪಿಗೆ ತನ್ನದೇ ಆಕಾರ ಅನ್ನೋದು ಇಲ್ಲ. ರಾಡ್‌ನ ತೂತು ಹೇಗಿದೆಯೋ ಹಾಗೆ ಕೂರುತ್ತೆ. ಅದರೊಳಗೆ ಪಿನ್ ಹೇಗಿದೆಯೋ ಗ್ಯಾಪ್ ಹಾಗಾಗುತ್ತೆ. ಮಿಸ್ತ್ರಿಯ ಕೈಯಲ್ಲಿದ್ದ ನಿಖರತೆ ಗ್ರೈಂಡಿಂಗ್ ಮೆಷಿನ್‌ಗೆ ಮತ್ತು ಮೈಕ್ರೋಮೀಟರ್‌ಗೆ ಹೋಯ್ತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಲೈಬ್ರರಿ ಒಳ್ಳೆಯದೇ, ಎನ್ವಿರಾನ್ಮೆಂಟ್ ಚೆಕ್ ಮಾಡದೆ ಇನ್‌ಸ್ಟಾಲ್ ಮಾಡಿದ್ದೀವಿ.

ಆಯ್ಕೆ ವಿಷಯಕ್ಕೆ ಬರೋಣ. ಇವತ್ತಿನ ಬಹುಪಾಲು ಕಾರುಗಳಿಗೆ ಅಲ್ಯೂಮಿನಿಯಂ ಪದರದ ಎರಡು-ಲೋಹದ ಚಿಪ್ಪು ಸಾಕು. ಪರ್ಫಾರ್ಮೆನ್ಸ್ ಚಿಪ್ಪುಗಳಲ್ಲಿ ಹೆಚ್ಚಿನವು, ಉದಾಹರಣೆಗೆ ಕ್ಲೆವಿಟ್ ಎಚ್ ಸೀರೀಸ್, ಎಸಿಎಲ್ ರೇಸ್, ಕಿಂಗ್ ಎಕ್ಸ್‌ಪಿ, ಮೂರು-ಲೋಹದವು: ಹಿಂದೆ ಉಕ್ಕು, ನಡುವೆ ತಾಮ್ರ-ಸೀಸ, ಮೇಲೆ ಮಿ.ಮೀ.ನ ನೂರನೇ ಒಂದೆರಡು ಭಾಗದಷ್ಟು ತೆಳುವಾದ ಮೆತ್ತನೆ ಲೇಪ. ಮೆತ್ತನೆ ಪದರ ತೆಳುವಾದಷ್ಟೂ ಏಟು ತಡೆಯುವ ಶಕ್ತಿ ಹೆಚ್ಚು, ಕಸ ನುಂಗುವ ಶಕ್ತಿ ಕಡಿಮೆ. ಹಾಗಾಗಿ ರೇಸ್ ಚಿಪ್ಪು ಹಾಕಿ ಆಯಿಲ್ ಫಿಲ್ಟರ್ ಮರೆತರೆ ಮಾಮೂಲಿ ಚಿಪ್ಪಿಗಿಂತ ಬೇಗ ಹೋಗಬಹುದು. 4000ದಿಂದ 6000 ಆರ್‌ಪಿಎಂಗೆ ಹೋದ್ರೆ ರಾಡ್ ಮತ್ತು ಪಿಸ್ಟನ್ ಎಳೆಯುವ ಬಲ 2.25 ಪಟ್ಟು ಆಗುತ್ತೆ. ನಿಮ್ಮ ಎಂಜಿನ್ ಅಲ್ಲಿಗೆ ಹೋಗುತ್ತಾ? ಇಲ್ಲ ಅಂದ್ರೆ ಆ ದುಡ್ಡು ಗ್ರೈಂಡಿಂಗ್‌ಗೆ ಹಾಕಿ.

ಗ್ಯಾಪ್‌ಗೆ ಹಳೇ ಲೆಕ್ಕ ಒಂದಿದೆ: ಪಿನ್‌ನ ಪ್ರತಿ ಇಂಚಿಗೆ ಒಂದು ಥೌ, ಅಂದ್ರೆ ಇಂಚಿನ ಸಾವಿರದಲ್ಲಿ ಒಂದು ಭಾಗ. 1.876 ಇಂಚಿನ ಪಿನ್‌ಗೆ ಸುಮಾರು 0.0019 ಇಂಚು, 0.048 ಮಿ.ಮೀ. ರೇಸ್ ಎಂಜಿನ್‌ಗೆ ಅರ್ಧ ಥೌ ಜಾಸ್ತಿ ಬಿಡ್ತಾರೆ. ಇದು ಶುರು ಮಾಡೋಕೆ ಒಂದು ಅಂದಾಜು, ಕೊನೆಯ ಮಾತು ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್‌ದು. ‘ಸ್ವಲ್ಪ ಲೂಸ್ ಇದ್ರೆ ಏನಾಗುತ್ತೆ’ ಅನ್ನಬೇಡಿ. ಗ್ಯಾಪ್ ಎರಡು ಪಟ್ಟಾದರೆ ಅಂಚಿನಿಂದ ಸೋರುವ ಎಣ್ಣೆ ಎಂಟು ಪಟ್ಟಾಗುತ್ತೆ. ರೇನಾಲ್ಡ್ಸ್ ಲೆಕ್ಕದಲ್ಲಿ ಗ್ಯಾಪ್‌ನ ಘನ ಬರುತ್ತಲ್ಲ, ಅದೇ ಇದು.

ಹಾಕಿಸುವಾಗ ಪಕ್ಕದಲ್ಲಿ ನಿಂತು ಇಷ್ಟು ನೋಡಿ. ಪ್ರತಿ ಪಿನ್ನನ್ನೂ ಎರಡು ತುದಿಯಲ್ಲಿ, ಎರಡು ದಿಕ್ಕಿನಲ್ಲಿ ಮೈಕ್ರೋಮೀಟರ್‌ನಿಂದ ಅಳೀಬೇಕು. ದಿಕ್ಕಿಗೆ ದಿಕ್ಕು ವ್ಯತ್ಯಾಸ ಬಂದರೆ ಪಿನ್ ಮೊಟ್ಟೆಯಾಗಿದೆ, ತುದಿಗೆ ತುದಿ ಬಂದರೆ ಓರೆಯಾಗಿದೆ. ಎರಡಕ್ಕೂ ಮದ್ದು ಗ್ರೈಂಡಿಂಗ್, ಆಮೇಲೆ 10, 20, 30 ಥೌ ಅಂಡರ್‌ಸೈಜ್ ಚಿಪ್ಪು. ಚಿಪ್ಪು ಕೂರಿಸಿ, ಕ್ಯಾಪ್ ಬೋಲ್ಟನ್ನ ಟಾರ್ಕ್ ರೆಂಚ್‌ನಲ್ಲಿ ಪೂರ್ತಿ ಬಿಗಿ ಮಾಡಿದ ಮೇಲೆಯೇ ಬೋರ್ ಗೇಜ್‌ನಲ್ಲಿ ಒಳಗಿನ ಅಳತೆ ತಗೋಬೇಕು. ಚಿಪ್ಪಿನ ಅಂಚು ರಾಡ್‌ನ ಅಂಚಿಗಿಂತ ಕೂದಲೆಳೆಯಷ್ಟು ಮೇಲಿರುತ್ತೆ. ಆ ಅಂಚು ಒತ್ತಿಕೊಂಡೇ ಚಿಪ್ಪು ಜಾಗದಲ್ಲಿ ಬಿಗಿಯಾಗಿ ನಿಲ್ಲೋದು, ಅರ ಹಾಕಿ ಉಜ್ಜೋಕೆ ಬಿಡಬೇಡಿ. ಚಿಪ್ಪಿನ ಬೆನ್ನು ಒಣಗಿರಬೇಕು, ಎಣ್ಣೆ ಒಳಮೈಗೆ ಮಾತ್ರ. ಕ್ಯಾಪ್‌ಗಳು ಅದಲು ಬದಲಾಗಬಾರದು.

ಅಪ್ಪನ ಚಿಪ್ಪಿಗೆ ಬರ್ತೀನಿ. ಕಳೆದ ತಿಂಗಳು ಅದನ್ನ ಮಲ್ಲಿಕ್ ಬಜಾರ್‌ಗೆ ತಗೊಂಡು ಹೋದೆ. ಬೆಂಗಳೂರಿನ ಜೆ.ಸಿ. ರೋಡ್ ಹೇಗೋ ಕೋಲ್ಕತ್ತಾಗೆ ಅದು ಹಾಗೆ, ಹಳೇ ಗಾಡಿ ಸಾಮಾನಿನ ಬೀದಿ. ಅಂಬಾಸಿಡರ್ ಎಂಜಿನ್ ಬಿಚ್ಚಿಕೊಂಡು ಕೂತಿದ್ದ ವಯಸ್ಸಾದ ಮಿಸ್ತ್ರಿ ಒಬ್ಬರ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು, ಉಗುರಲ್ಲಿ ಕೆರೆದು, ಹಿಂದಿ ಬಂಗಾಳಿ ಬೆರೆಸಿ ಹೇಳಿದ್ರು: ‘ದಾದಾ, ಮಾಲು ಚೆನ್ನಾಗಿದೆ, ಶಾಫ್ಟ್ ಕೆಟ್ಟಿತ್ತು.’ ಕಳಪೆ ಚಿಪ್ಪಾಗಿದ್ದರೆ ಲೇಪ ಉಕ್ಕಿನಿಂದ ಹಪ್ಪಳದ ಥರ ಎದ್ದು ಬರ್ತಿತ್ತಂತೆ. ಇದರಲ್ಲಿ ಒಂದು ಅಂಚು ಮಾತ್ರ ತಾಮ್ರ ಕಾಣುವಷ್ಟು ಸವೆದಿದೆ, ಇನ್ನೊಂದು ಅಂಚು ಹೊಸದರ ಹಾಗೇ ಇದೆ. ಪಿನ್ ಓರೆಯಾಗಿತ್ತು. ಯಾರೂ ಅಳೆದಿರಲಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಗ್ರೈಂಡಿಂಗ್ ಮಾಡಿಸಿ ಅಂತ ಅವನು ಹೇಳಿದ್ದ ಕಣಪ್ಪ. ದುಡ್ಡು ಉಳೀತದೆ ಅಂತ ಬ್ಯಾಡ ಅಂದೋನು ನಾನೇ’ ಅಂದ್ರು. ಇಪ್ಪತ್ತು ವರ್ಷದಲ್ಲಿ ಈ ಮಾತು ನಮ್ಮ ಮನೇಲಿ ಯಾರಿಗೂ ಹೇಳಿರಲಿಲ್ಲ. ಆ ಅಂಗಡಿ ಈಗ ಅವರ ಮಗ ನೋಡ್ಕೊಳ್ತಿದ್ದಾನಂತೆ. ಯುಗಾದಿಗೆ ಊರಿಗೆ ಬಂದಾಗ ಇಬ್ಬರೂ ಹೋಗಿ ಬರೋಣ ಅಂತ ಮಾತಾಗಿದೆ.

2014ರ ಮೇನಲ್ಲಿ ಉತ್ತರಪಾಡಾದಲ್ಲಿ ಅಂಬಾಸಿಡರ್ ಉತ್ಪಾದನೆ ನಿಂತಿತು. ಕೋಲ್ಕತ್ತಾದಲ್ಲಿ ಟ್ಯಾಕ್ಸಿಗಳಿಗೆ 15 ವರ್ಷದ ಮಿತಿ ಇರೋದ್ರಿಂದ ಉಳಿದಿರೋ ಹಳದಿ ಅಂಬಾಸಿಡರ್‌ಗಳಿಗೂ ಹೆಚ್ಚು ದಿನ ಇಲ್ಲ. ಅವುಗಳ ಜೊತೆ ಚಿಪ್ಪು ನೋಡಿ ಶಾಫ್ಟಿನ ಕಥೆ ಹೇಳುವ ಇಂಥ ಮಿಸ್ತ್ರಿಗಳೂ ಹೋಗ್ತಾರೆ. ನಿಮ್ಮ ಮನೆಯಲ್ಲಿ ಹಳೇ ಗಾಡಿ ಇದ್ರೆ, ಈ ಸಲ ಊರಿಗೆ ಹೋದಾಗ ಬೇರಿಂಗ್ ಬ್ರ್ಯಾಂಡ್ ಹುಡುಕೋ ಮೊದಲು ಊರಲ್ಲಿ ಮೈಕ್ರೋಮೀಟರ್ ಇಟ್ಟಿರೋ ಒಬ್ಬರನ್ನ ಹುಡುಕಿ.

ಮುಂದಿನ ವಿಡಿಯೋದಲ್ಲಿ ಸಿಗೋಣ.